ಡ್ಯಾಶ್‌ಹುಂಡ್ ನಾಯಿಗಳ ಬೆನ್ನಿನ ಬೇನೆ: ಗುರುತಿಸುವ ಬಗೆ, ಆರೈಕೆಯ ಕ್ರಮ

ಈ ಅಂಕಣದಲ್ಲಿ ಸಾಮಾನ್ಯವಾಗಿ ಮನುಷ್ಯರ ಆರೋಗ್ಯದ ವಿಚಾರವನ್ನೇ ಬರೆಯುತ್ತೇವೆ. ಈ ಬಾರಿ ನಮ್ಮೊಡನೆ ಒಂದೇ ಸೂರಿನಡಿ ಬಾಳುವ, ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದ ಜೀವವೊಂದರ ವಿಚಾರ.

ದಿನವೂ ತಾನೇ ಹತ್ತುತ್ತಿದ್ದ ಮೆಟ್ಟಿಲ ಮುಂದೆ ಸಾಕುನಾಯಿಯೊಂದು ಒಂದು ಬೆಳಿಗ್ಗೆ ಸುಮ್ಮನೆ ನಿಂತುಬಿಡುತ್ತದೆ. ಕರೆದರೆ ಬಾಲವಾಡಿಸುತ್ತದೆ, ಹತ್ತುವುದಿಲ್ಲ. ಎತ್ತಿಕೊಳ್ಳಲು ಹೋದರೆ ಚೀರುತ್ತದೆ. ಬೆನ್ನು ಗೂನಾಗಿ, ಮೈ ನಡುಗುತ್ತಿರುತ್ತದೆ. ಹೊಟ್ಟೆ ಮುಟ್ಟಿದರೆ ಹಲಗೆಯಂತೆ ಬಿಗಿದಿರುತ್ತದೆ. ಅಜೀರ್ಣವಾಗಿರಬೇಕೆಂದು ಮನೆಯವರು ಮಜ್ಜಿಗೆ ಅನ್ನ ಹಾಕಿ ಸುಮ್ಮನಾಗುತ್ತಾರೆ. ನಾಯಿಯು ಡ್ಯಾಶ್‌ಹುಂಡ್ ತಳಿಯದಾಗಿದ್ದರೆ ಮೊದಲು ಸಂಶಯಪಡಬೇಕಾದದ್ದು ಹೊಟ್ಟೆಯನ್ನಲ್ಲ, ಬೆನ್ನನ್ನು.

ಉದ್ದನೆಯ ಮೈ, ಗಿಡ್ಡ ಕಾಲುಗಳ ಈ ತಳಿ ಜರ್ಮನಿಯದು. ಜರ್ಮನ್ ಭಾಷೆಯಲ್ಲಿ ‘ಡಾಕ್ಸ್’ ಎಂದರೆ ಬ್ಯಾಜರ್ ಎಂಬ ಬಿಲವಾಸಿ ಪ್ರಾಣಿ, ನಮ್ಮ ತರಕರಡಿಯ ದೂರದ ಬಂಧು. ‘ಹುಂಡ್’ ಎಂದರೆ ನಾಯಿ. ಬಿಲದೊಳಗೆ ನುಗ್ಗಿ ಬೇಟೆಯಾಡಲೆಂದು ಬೆಳೆಸಿದ ಈ ನಾಯಿ ಇಂದು ಬೆಂಗಳೂರಿನಂತಹ ನಗರಗಳ ಚಿಕ್ಕ ಮನೆಗಳಲ್ಲಿಯೂ ಹೊಂದಿಕೊಂಡು ಬಾಳುತ್ತಿದೆ. ಕಾಲುಗಳನ್ನು ಗಿಡ್ಡವಾಗಿಸಿದ ವಂಶವಾಹಿಯ ವ್ಯತ್ಯಾಸವೇ ಬೆನ್ನಿನ ಡಿಸ್ಕುಗಳನ್ನೂ ಕಾಡುತ್ತದೆ. ನಾಯಿಗಳ ಹನ್ನೆರಡನೆಯ ವರ್ಣತಂತುವಿನಲ್ಲಿ ಸೇರಿಕೊಂಡಿರುವ ವಂಶವಾಹಿಯೊಂದರ ಹೆಚ್ಚುವರಿ ಪ್ರತಿಯೇ ಇದಕ್ಕೆ ಮುಖ್ಯ ಕಾರಣವೆಂದು ವಿಜ್ಞಾನಿಗಳು 2017ರಲ್ಲಿ ತೋರಿಸಿಕೊಟ್ಟರು.

ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕುಗಳಿರುತ್ತವೆ. ಹೊರಗೆ ಗಟ್ಟಿ ನಾರಿನ ಬಳೆ, ಒಳಗೆ ಎಳನೀರಿನ ಗಂಜಿಯಂತಹ ತಿರುಳು. ಡ್ಯಾಶ್‌ಹುಂಡ್‌ಗಳಲ್ಲಿ ಈ ತಿರುಳು ಹುಟ್ಟಿದ ಮೊದಲ ವರ್ಷದಲ್ಲಿಯೇ ನೀರಿನಂಶ ಕಳೆದುಕೊಳ್ಳತೊಡಗಿ, ಕ್ರಮೇಣ ಒಣ ಕೊಬ್ಬರಿಯಂತಾಗಿ, ಕೆಲವೆಡೆ ಸುಣ್ಣಗಟ್ಟುತ್ತದೆ. ಮುಂದೊಂದು ದಿನ ಹೊರಬಳೆ ಹರಿದು, ಒಣಗಿದ ತಿರುಳು ಮೇಲಕ್ಕೆ ಚಿಮ್ಮಿ, ಅಲ್ಲಿರುವ ಬೆನ್ನುಹುರಿಯನ್ನು ಜಜ್ಜುತ್ತದೆ. ಸುಮಾರು ಐದು ಡ್ಯಾಶ್‌ಹುಂಡ್‌ಗಳಲ್ಲಿ ಒಂದಕ್ಕೆ ಜೀವಮಾನದಲ್ಲಿ ಒಮ್ಮೆಯಾದರೂ ಈ ಬೇನೆ ಬರುತ್ತದೆ. ಮೂರರಿಂದ ಏಳು ವರ್ಷದೊಳಗೆ ಹೆಚ್ಚು. ‘ಮಂಚದಿಂದ ಹಾರಲು ಬಿಟ್ಟೆವಲ್ಲ’ ಎಂದು ಹಲವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಆ ಹಾರಿಕೆ ಹೆಚ್ಚೆಂದರೆ ಕೊನೆಯ ನೆಪ. ಡಿಸ್ಕು ಒಣಗಿದ್ದು ವರ್ಷಗಳ ಹಿಂದೆಯೇ.

ನೋವಿನ ನಂತರ ಬರುವುದು ನಡಿಗೆಯ ದೋಷ. ಹಿಂಗಾಲುಗಳು ತೂರಾಡುತ್ತವೆ, ಒಂದಕ್ಕೊಂದು ತೊಡರುತ್ತವೆ, ಉಗುರುಗಳು ನೆಲವನ್ನು ಕೆರೆಯುವ ಸದ್ದು ಕೇಳುತ್ತದೆ. ಪಾದ ಮಡಚಿಕೊಂಡು, ಮೇಲ್ಭಾಗವನ್ನೇ ನೆಲಕ್ಕೂರಿ ನಿಂತರೂ ನಾಯಿಗೆ ಅದರ ಅರಿವಿರುವುದಿಲ್ಲ. ಆಮೇಲೆ ಹಿಂಭಾಗ ಕುಸಿದು, ಮುಂಗಾಲುಗಳಿಂದಲೇ ಮೈಯನ್ನು ಎಳೆದುಕೊಂಡು ಸಾಗುತ್ತದೆ. ಈ ಹಂತಗಳು ವಾರಗಟ್ಟಲೆ ಹಿಡಿಯಬಹುದು, ಕೆಲವೇ ಗಂಟೆಗಳಲ್ಲಿ ಮುಗಿದುಹೋಗಲೂಬಹುದು. ಬೇನೆ ಕುತ್ತಿಗೆಯಲ್ಲಿದ್ದರೆ ಲಕ್ಷಣ ಬೇರೆ: ತಲೆ ತಗ್ಗಿಸಿಕೊಂಡು, ಕತ್ತು ತಿರುಗಿಸದೆ ಕಣ್ಣುಗಳನ್ನಷ್ಟೇ ಹೊರಳಿಸಿ ನೋಡುತ್ತದೆ, ಹಸಿವಿದ್ದರೂ ತಟ್ಟೆಗೆ ಬಾಗುವುದಿಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಕಾಲಿನ ಸ್ವಾಧೀನ ತಪ್ಪಿದ ನಾಯಿಗಳೆಲ್ಲಕ್ಕೂ ಡಿಸ್ಕಿನ ಬೇನೆಯೇ ಎಂದು ತಿಳಿಯಬಾರದು. ರೇಬಿಸ್ ಲಸಿಕೆ ಹಾಕಿಸದ ನಾಯಿಯಲ್ಲಿ ಕಾಲು ಸೋಲುವುದರ ಜೊತೆಗೆ ದವಡೆ ಜೋತುಬಿದ್ದು, ಜೊಲ್ಲು ಸುರಿಯುತ್ತಿದ್ದರೆ ಅದರ ಬಾಯಿಯ ಬಳಿ ಕೈ ಒಯ್ಯದೆ ಪಶುವೈದ್ಯರಿಗೆ ತಿಳಿಸಬೇಕು. ಇನ್ನು, ಎಷ್ಟೇ ಸಾಧುವಾದ ನಾಯಿಯೂ ನೋವಿನ ಭರದಲ್ಲಿ ಒಡೆಯನನ್ನೇ ಕಚ್ಚಬಹುದು.

ಲಕ್ಷಣ ಕಂಡೊಡನೆ ಮಾಡಬೇಕಾದ ಮೊದಲ ಕೆಲಸ ನಾಯಿಯ ಓಡಾಟವನ್ನು ನಿಲ್ಲಿಸುವುದು. ಇದಕ್ಕೆ ವಿರುದ್ಧವಾದದ್ದೇ ನಮ್ಮ ಮನೆಗಳಲ್ಲಿ ನಡೆಯುತ್ತದೆ. ‘ಹಿಡಿದುಕೊಂಡಿರಬೇಕು, ನಾಲ್ಕು ಹೆಜ್ಜೆ ನಡೆಸಿದರೆ ಬಿಡುತ್ತದೆ’ ಎನ್ನುವವರುಂಟು. ಎಣ್ಣೆ ಕಾಯಿಸಿ ಬೆನ್ನು ತಿಕ್ಕುವವರುಂಟು. ಹರಿದ ಡಿಸ್ಕಿನ ಮೇಲೆ ತಿಕ್ಕುವುದೆಂದರೆ ಉಳಿದ ತಿರುಳನ್ನೂ ಬೆನ್ನುಹುರಿಯ ಮೇಲೆ ಒತ್ತಿದಂತೆಯೇ. ಎತ್ತುವಾಗ ಒಂದು ಕೈ ಎದೆಯಡಿ, ಇನ್ನೊಂದು ಕೈ ಹಿಂಭಾಗದಡಿ ಇಟ್ಟು, ಬೆನ್ನನ್ನು ನೆಲಕ್ಕೆ ಸಮಾನವಾಗಿ ಹಿಡಿಯಬೇಕು. ಮುಂಗಾಲುಗಳ ಕಂಕುಳಲ್ಲಿ ಕೈಹಾಕಿ ಮಗುವಿನಂತೆ ಎತ್ತಲೇಬಾರದು. ಆಸ್ಪತ್ರೆಗೆ ಒಯ್ಯಲು ತಳ ಗಟ್ಟಿಯಿರುವ ಪೆಟ್ಟಿಗೆಯೊಂದು ಸಾಕು.

ಮನುಷ್ಯರ ನೋವಿನ ಮಾತ್ರೆಯನ್ನು ಕೊಡಬಾರದು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳು ನಾಯಿಯ ಜಠರದಲ್ಲಿ ಹುಣ್ಣು ಮಾಡಿ, ಮೂತ್ರಪಿಂಡವನ್ನು ಕೆಡಿಸಬಲ್ಲವು. ಈ ಬಗೆಯ ಮಾತ್ರೆಯ ಬೆನ್ನಿಗೇ ಸ್ಟೀರಾಯ್ಡ್ ಕೂಡ ಸೇರಿದರೆ ಕರುಳು ತೂತಾಗಿ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಏನನ್ನಾದರೂ ಕೊಟ್ಟಿದ್ದಲ್ಲಿ, ಯಾವುದನ್ನು ಎಷ್ಟು ಹೊತ್ತಿಗೆ ಕೊಟ್ಟೆವೆಂಬುದನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಬೇಕು.

ನೋವಷ್ಟೇ ಇದ್ದು ನಡೆಯುತ್ತಿರುವ ನಾಯಿಯನ್ನು ಆ ದಿನವೋ ಮರುದಿನವೋ ತೋರಿಸಬಹುದು. ಎದ್ದು ನಿಲ್ಲಲಾರದ ನಾಯಿಯ ವಿಷಯದಲ್ಲಿ ಬೆಳಗಾಗಲೆಂದು ಕಾಯಬಾರದು. ಅಲ್ಲಿ ವೈದ್ಯರು ಮಾಡುವ ಪರೀಕ್ಷೆಯೊಂದನ್ನು ನಾವು ಚೆನ್ನಾಗಿ ಅರಿತಿರಬೇಕು, ಏಕೆಂದರೆ ನಾಯಿಯ ಭವಿಷ್ಯವನ್ನು ಹೇಳುವುದು ಬಹುಮಟ್ಟಿಗೆ ಅದೇ. ಹಿಂಗಾಲಿನ ಬೆರಳನ್ನು ಇಕ್ಕಳದಿಂದ ಬಲವಾಗಿ ಹಿಸುಕುತ್ತಾರೆ. ಕಾಲು ಹಿಂದಕ್ಕೆ ಸೆಳೆದುಕೊಂಡರೆ ಮನೆಯವರ ಮುಖ ಅರಳುತ್ತದೆ. ಆದರೆ ಅದು ಮಿದುಳಿನ ಅಪ್ಪಣೆಯಿಲ್ಲದೆ ಬೆನ್ನುಹುರಿಯ ಮಟ್ಟದಲ್ಲಿಯೇ ನಡೆಯುವ ಪ್ರತಿಕ್ರಿಯೆ. ಹುರಿ ಪೂರ್ಣ ಕಡಿದಿದ್ದರೂ ಅದು ಉಳಿದಿರಬಹುದು. ನಾಯಿ ತಿರುಗಿ ನೋಡಿತೇ, ಕೂಗಿತೇ, ಕಚ್ಚಲು ಬಂದಿತೇ ಎಂಬುದೇ ಮುಖ್ಯ. ನೋವು ಮಿದುಳನ್ನು ಮುಟ್ಟಿತೆಂಬುದಕ್ಕೆ ಅದೇ ಸಾಕ್ಷಿ.

ಆ ಅರಿವು ಉಳಿದಿದ್ದರೆ, ಕಾಲು ಪೂರ್ತಿ ಸ್ವಾಧೀನ ತಪ್ಪಿದ್ದರೂ ಶಸ್ತ್ರಚಿಕಿತ್ಸೆಯಿಂದ ಹತ್ತರಲ್ಲಿ ಒಂಬತ್ತು ನಾಯಿಗಳು ಮತ್ತೆ ನಡೆಯುತ್ತವೆ. ಅರಿವು ಹೋಗಿದ್ದರೂ ಸುಮಾರು ಅರ್ಧದಷ್ಟು ನಾಯಿಗಳು ಚೇತರಿಸಿಕೊಳ್ಳುತ್ತವೆ. ‘ಕಾಲು ಬಿತ್ತು, ಇನ್ನೇಕೆ ನರಳಿಸುವುದು, ಸೂಜಿ ಹಾಕಿಸಿಬಿಡೋಣ’ ಎಂದು ಮೊದಲ ದಿನವೇ ತೀರ್ಮಾನಿಸುವವರಿಗೆ ಈ ಲೆಕ್ಕ ತಿಳಿದಿರುವುದಿಲ್ಲ. ಬದುಕಬಹುದಾಗಿದ್ದ ಎಷ್ಟೋ ನಾಯಿಗಳು ಹಾಗೆ ಹೋಗುತ್ತವೆ. ಅರಿವು ಕಳೆದುಕೊಂಡ ನಾಯಿಗಳಲ್ಲಿ ಸುಮಾರು ಹತ್ತರಲ್ಲೊಂದಕ್ಕೆ ಬೆನ್ನುಹುರಿ ಕರಗುತ್ತಾ, ದೌರ್ಬಲ್ಯ ಮೇಲೇರಿ, ಉಸಿರಾಟವನ್ನೂ ಹಿಡಿಯುತ್ತದೆ. ಆ ಕೆಲವು ನಾಯಿಗಳ ವಿಷಯದಲ್ಲಿ ವೈದ್ಯರು ಕೈಚೆಲ್ಲಿದರೆ ಒಪ್ಪಬೇಕಾಗುತ್ತದೆ.

ಬೇನೆಯ ಜಾಗವನ್ನು ನಿಖರವಾಗಿ ತಿಳಿಯಲು ಸಾಮಾನ್ಯ ಎಕ್ಸ್‌ರೇ ಸಾಲದು, ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್ ಬೇಕು. ಈ ಸ್ಕ್ಯಾನ್ ಮತ್ತು ಶಸ್ತ್ರಚಿಕಿತ್ಸೆ ಎಲ್ಲ ಊರುಗಳಲ್ಲಿ ಸಿಗುವಂಥವಲ್ಲ, ಖರ್ಚೂ ದೊಡ್ಡದು. ಶಸ್ತ್ರಚಿಕಿತ್ಸೆ ಕೈಗೆಟುಕದವರು ನಿರಾಶರಾಗಬೇಕಿಲ್ಲ. ನೋವಿನ ಅರಿವು ಉಳಿದ ನಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಔಷಧ ಮತ್ತು ಕಟ್ಟುನಿಟ್ಟಿನ ವಿಶ್ರಾಂತಿಯಿಂದಲೇ ಎದ್ದು ನಿಲ್ಲುತ್ತವೆ. ಚೇತರಿಕೆ ನಿಧಾನ, ಮರುಕಳಿಸುವ ಭಯ ಹೆಚ್ಚು, ಅಷ್ಟೆ.

ವಿಶ್ರಾಂತಿಯೆಂದರೆ ಕನಿಷ್ಠ ನಾಲ್ಕು ವಾರ ಪಂಜರದೊಳಗೆ. ಎದ್ದು ನಿಂತು ತಿರುಗಿ ಮಲಗುವಷ್ಟೇ ಜಾಗ. ಹೊರಗೆ ತರುವುದು ಮಲಮೂತ್ರಕ್ಕೆ ಮಾತ್ರ, ಕೊರಳಪಟ್ಟಿಯ ಬದಲು ಎದೆಪಟ್ಟಿ ಕಟ್ಟಿ, ಹೊಟ್ಟೆಯಡಿ ಟವೆಲ್ಲೊಂದನ್ನು ತೂರಿಸಿ ಹಿಂಭಾಗಕ್ಕೆ ಆಸರೆ ಕೊಟ್ಟು. ಕಠಿಣ ಪರೀಕ್ಷೆ ಬರುವುದು ಎರಡನೆಯ ವಾರದಲ್ಲಿ. ಔಷಧದಿಂದ ನೋವು ಅಡಗಿರುತ್ತದೆ, ನಾಯಿ ಹೊರಬರಲು ಗೋಗರೆಯುತ್ತದೆ, ಮನೆಯ ಮಕ್ಕಳು ಕಣ್ಣೀರಿಡುತ್ತಾರೆ. ಆಗ ಕರಗಿ ಬಾಗಿಲು ತೆರೆದರೆ ಮಾಡಿದ್ದೆಲ್ಲ ವ್ಯರ್ಥವಾಗಬಹುದು.

ಹಲವರು ಗಮನಿಸದಿರುವ ಇನ್ನೊಂದು ಸಂಗತಿ ಮೂತ್ರಕೋಶ. ಸ್ವಾಧೀನ ತಪ್ಪಿದ ನಾಯಿಯ ಹಾಸಿಗೆ ಒದ್ದೆಯಾಗಿದ್ದರೆ ಮೂತ್ರ ಸರಾಗವಾಗಿದೆಯೆಂದು ತಿಳಿಯುತ್ತೇವೆ. ಎಷ್ಟೋ ಸಲ ಅದು ತುಂಬಿದ ಕೆರೆಯ ಕೋಡಿ ಹರಿದಂತೆ. ಒಳಗೆ ಮೂತ್ರ ನಿಂತು ಸೋಂಕು ಬೆಳೆಯುತ್ತಿರುತ್ತದೆ. ಹೊಟ್ಟೆಯನ್ನು ಮೆಲ್ಲನೆ ಒತ್ತಿ, ದಿನಕ್ಕೆ ಮೂರು ನಾಲ್ಕು ಬಾರಿ ಮೂತ್ರ ತೆಗೆಯುವ ಕ್ರಮವನ್ನು ವೈದ್ಯರ ಕೈಯಿಂದಲೇ ಕಲಿಯಬೇಕು. ಹಾಸಿಗೆ ದಪ್ಪವಾಗಿ, ಒಣಗಿರಬೇಕು. ದಿನಕ್ಕೆ ಕೆಲವು ಸಲ ಮಗ್ಗುಲು ಬದಲಿಸಬೇಕು. ಇಲ್ಲವಾದರೆ ಹುಣ್ಣಾಗುತ್ತದೆ.

ಗುಣವಾದ ನಾಯಿಯ ಮೈಭಾರದ ಮೇಲೆ ಕಣ್ಣಿರಲಿ. ಕೈಯಾಡಿಸಿದರೆ ಪಕ್ಕೆಲುಬು ಬೆರಳಿಗೆ ಸಿಗಬೇಕು. ಹೋಳಿಗೆಯ ತುಣುಕು, ಬಿಸ್ಕತ್ತುಗಳ ಪ್ರೀತಿ ಈ ನಾಯಿಗೆ ಹೊರೆಯೇ. ನುಣುಪಾದ ಟೈಲ್ಸ್, ಗ್ರಾನೈಟ್ ನೆಲಕ್ಕೆ ಜಾರದ ರಬ್ಬರ್ ಹಾಸು ಹಾಕಬಹುದು. ಬೇನೆ ಬಂದ ನಾಯಿಯಿಂದ ಮರಿ ಮಾಡಿಸಬಾರದು. ಡೆನ್ಮಾರ್ಕ್, ಫಿನ್ಲೆಂಡ್‌ಗಳಲ್ಲಿ ಎರಡರಿಂದ ನಾಲ್ಕು ವರ್ಷದ ನಡುವೆ ಎಕ್ಸ್‌ರೇ ತೆಗೆದು, ಸುಣ್ಣಗಟ್ಟಿದ ಡಿಸ್ಕುಗಳನ್ನು ಎಣಿಸಿ, ಯಾವ ನಾಯಿಯಿಂದ ಮರಿ ಪಡೆಯಬೇಕೆಂದು ನಿರ್ಧರಿಸುವ ಪದ್ಧತಿಯಿದೆ. ಹೊಸದಾಗಿ ಮರಿ ತರುವವರು ಅದರ ತಂದೆತಾಯಿಗಳಿಗೆ ಬೆನ್ನಿನ ತೊಂದರೆ ಬಂದಿತ್ತೇ ಎಂದು ಕೇಳುವುದಕ್ಕಾದರೂ ನಾಚಬಾರದು.

ನಾಲ್ಕು ವಾರ ತುಂಬಿದೊಡನೆ ಪಂಜರದ ಬಾಗಿಲನ್ನು ತೆರೆದಿಟ್ಟುಬಿಡಬೇಡಿ. ಮೊದಲ ಕೆಲವು ದಿನ ಹಗ್ಗ ಹಿಡಿದು, ಜಾರದ ನೆಲದ ಮೇಲೆ ಐದು ನಿಮಿಷದ ನಡಿಗೆ ಸಾಕು. ಉಗುರು ಕೆರೆಯುವ ಆ ಸದ್ದು ಮತ್ತೆ ಕೇಳಿಸಿದರೆ ಅಲ್ಲಿಗೇ ನಿಲ್ಲಿಸಿ, ನಾಯಿಯನ್ನು ಪಂಜರಕ್ಕೆ ಮರಳಿಸಿ, ವೈದ್ಯರಿಗೆ ತಿಳಿಸಿ.