ಕಾಲಿಗೆ ಬಲ ಸಾಲದೇ?

ಪ್ರಶ್ನೆ: ಮಗನಿಗೆ 13 ತಿಂಗಳು. ಸೋಫಾ ಹಿಡಿದು ಅಡ್ಡಡ್ಡ ನಡೆಯುತ್ತಾನೆ, ಕೈ ಬಿಟ್ಟರೆ ದೊಪ್ಪನೆ ಕೂತುಬಿಡುತ್ತಾನೆ. ಓರಗಿತ್ತಿಯ ಮಗಳು 10 ತಿಂಗಳಿಗೇ ನಡೆದಳಂತೆ. ‘ಸರಿಯಾಗಿ ಎಣ್ಣೆ ಒತ್ತುತ್ತಿಲ್ಲ, ಅದಕ್ಕೇ ಕಾಲಿಗೆ ಬಲವಿಲ್ಲ’ ಅಂತ ಅತ್ತೆ ದಿನಾ ಅನ್ನುತ್ತಾರೆ. ಯಜಮಾನರು ವಾಕರ್ ತಂದಿದ್ದಾರೆ. ಕೂರಿಸಲೇ? ನರದ ದೋಷವೇನಾದರೂ ಇರಬಹುದೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಹಿಡಿದು ನಿಂತು, ಮೈಭಾರ ಹೊತ್ತು ಪಕ್ಕಕ್ಕೆ ಹೆಜ್ಜೆ ಹಾಕುವ ಮಗುವಿನ ಕಾಲಿಗೆ ಬಲವಿಲ್ಲ ಅನ್ನಲಾಗದು. ಇನ್ನೂ ಕೈಗೂಡದಿರುವುದು ಸಮತೋಲ. ಅದು ಸ್ನಾಯುವಿಗಿಂತ ಹೆಚ್ಚಾಗಿ ನರದ ಕೆಲಸ.

ಬಾಣಂತನದ ಮೊದಲ ವಾರಗಳಲ್ಲಿ ಕಂಕುಳು ಹಿಡಿದು ಪಾದ ಹಾಸಿಗೆಗೆ ತಾಗಿಸಿದರೆ ಕೂಸು ನಡೆಯುವವರ ಹಾಗೆ ಒಂದೊಂದೇ ಕಾಲು ಎತ್ತುತ್ತದೆ. ಅದು ಬೆನ್ನುಹುರಿ ಆಡಿಸುವ ಆಟ, ಕೂಸು ಬಯಸಿ ಇಟ್ಟ ಹೆಜ್ಜೆಯಲ್ಲ. ಎರಡು ತಿಂಗಳ ಹೊತ್ತಿಗೆ ಅದು ಮರೆಯಾಗುತ್ತದೆ. ಬಯಸಿ ಇಡುವ ಹೆಜ್ಜೆಗೆ ಮಿದುಳಿನಿಂದ ಕಾಲಿನವರೆಗೂ ದಾರಿ ಸಿದ್ಧವಾಗಬೇಕು. ಕರೆಂಟ್ ವೈರಿಗೆ ಪ್ಲಾಸ್ಟಿಕ್ ಸುತ್ತಿದಂತೆ ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಬಲಿಯಬೇಕು. ಹಸುಗೂಸಿನ ನರದಲ್ಲಿ ಸಂದೇಶ ಓಡುವ ವೇಗ ದೊಡ್ಡವರದರ ಸುಮಾರು ಅರ್ಧ ಮಾತ್ರ. ಹಿಡಿತ ಬರುವುದೂ ಮೇಲಿನಿಂದ ಕೆಳಕ್ಕೆ: ಮೊದಲು ಕತ್ತು, ಆಮೇಲೆ ಸೊಂಟ, ಕೊನೆಗೆ ಕಾಲು.

ಸುದ್ದಿ ಕೆಳಗಿನಿಂದಲೂ ಹೋಗುತ್ತದೆ. ಅಂಗಾಲು ನೆಲ ಒತ್ತಿದ್ದು, ಮೀನಖಂಡ ಎಳೆದದ್ದು ಮಿದುಳಿಗೆ ಮುಟ್ಟಿ, ಅದು ತಿದ್ದಿದ ಆಜ್ಞೆ ಕಳಿಸುತ್ತದೆ. ಅವನು ದೊಪ್ಪನೆ ಕೂರುವಾಗ ನಡೆಯುತ್ತಿರುವುದು ಇದೇ ಪಾಠ. ವಾಕರ್ ಇದನ್ನೇ ಕಸಿಯುತ್ತದೆ. ಬಟ್ಟೆ ಸೀಟಿನಲ್ಲಿ ಜೋತುಬಿದ್ದು ತುದಿಗಾಲಲ್ಲಿ ತಳ್ಳಿಕೊಂಡು ಹೋಗುವವನಿಗೆ ಸಮತೋಲದ ಗೊಡವೆಯೇ ಇಲ್ಲ. ಮೆಟ್ಟಿಲಿಂದ ಉರುಳುವ ಅಪಾಯ ಬೇರೆ. ಕೆನಡಾ 2004ರಲ್ಲಿ ಇದರ ಮಾರಾಟವನ್ನೇ ನಿಷೇಧಿಸಿತು.

ಆಸರೆಯಿಲ್ಲದೆ ನಡೆಯಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅವಧಿ ಸುಮಾರು 8ರಿಂದ ಹದಿನೇಳೂವರೆ ತಿಂಗಳು. ನಿಮ್ಮವನೂ ಓರಗಿತ್ತಿಯ ಮಗಳೂ ಅದರೊಳಗೇ ಇದ್ದಾರೆ. ಎಣ್ಣೆ ಒತ್ತಿದರೆ ಮಗುವಿಗೆ ಹಿತ, ನಡಿಗೆ ಬೇಗ ಬರುತ್ತದೆಂದಲ್ಲ. ಆ ಕೆಲಸ ಅತ್ತೆಯವರಿಗೇ ವಹಿಸಿಬಿಡಿ, ಮನೆಯ ನೆಮ್ಮದಿಗೂ ಒಳ್ಳೆಯದು!

ಒಂದೇ ಕಡೆಯ ಕೈಕಾಲು ಬಳಸಿದರೆ, ಕಾಲುಗಳು ಸೆಟೆದು ಕತ್ತರಿಯಂತಾದರೆ, ಮೈ ಜೋಲು ಬಿದ್ದರೆ, ಕಲಿತದ್ದು ಮರೆತರೆ ಮಾತ್ರ ಕಾಯದೆ ಮಕ್ಕಳ ತಜ್ಞರಿಗೆ ತೋರಿಸಿ. 18 ತಿಂಗಳಾದರೂ ನಡೆಯದಿದ್ದರೂ ಅಷ್ಟೇ. ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೆ, ಡಾಕ್ಟರು ಕೊಟ್ಟಿದ್ದ ಹೆರಿಗೆ ತಾರೀಖಿನಿಂದ ವಯಸ್ಸು ಲೆಕ್ಕಹಾಕಿ.

ಸದ್ಯಕ್ಕೆ ಬರಿಗಾಲಲ್ಲಿ ಬಿಡಿ. ಸೋಫಾಕ್ಕೂ ಕುರ್ಚಿಗೂ ಮಧ್ಯೆ ಒಂದು ಗೇಣು ಜಾಗ ಬಿಡಿ, ದಾಟಿದ ಮೇಲೆ ಎರಡು ಗೇಣು. ವಾಕರಿನ ಬಿಲ್ಲು ಇನ್ನೂ ಇದ್ದರೆ ಅಂಗಡಿಗೆ ವಾಪಸ್ ಕೊಟ್ಟುಬಿಡಿ.