ಸಿಂಗಳೀಕದ ದಾರಿಗೆ ಉಪ್ಪಾಗೆ, ರಾಮಪತ್ರೆ

ಅಡಿಕೆ ತೋಟಕ್ಕೆ ಸೊಪ್ಪು ಬೇಕು, ಸೊಪ್ಪಿಗೆ ಬೆಟ್ಟ ಬೇಕು. ಸಿದ್ದಾಪುರ ಕಡೆಯ ನಮ್ಮ ಸೊಪ್ಪಿನ ಬೆಟ್ಟವನ್ನು ಕಡಿದು ಕಡಿದು ಬೋಳಿಸಿದವರಲ್ಲಿ ನಾನೂ ಒಬ್ಬ. ಮರ ಸತ್ತಲ್ಲಿ ಅಕೇಶಿಯಾ ನೆಟ್ಟೆ. ಬೇಗ ಬೆಳೀತು, ಆದರೆ ಮಂಗಕ್ಕೆ ಅದರಲ್ಲಿ ತಿನ್ನುವ ಹಣ್ಣಿಲ್ಲ.

ಆಚೆ ಕಾಡಿನಲ್ಲಿ ಸಿಂಗಳೀಕ ಇದೆ. ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ಬಾಳೆಗೊನೆ ಮುರಿಯುವ ಮಂಗವೇ ಬೇರೆ, ಇದೇ ಬೇರೆ. ಇದು ನೆಲಕ್ಕಿಳಿಯುವುದು ಕಡಿಮೆ. ಮರದಿಂದ ಮರಕ್ಕೇ ಇದರ ದಾರಿ. ಅಘನಾಶಿನಿ ಕಣಿವೆಯ ಕಾಡನ್ನು 2011ರಲ್ಲಿ ಸಿಂಗಳೀಕಕ್ಕಾಗಿ ಸಂರಕ್ಷಿತ ಮೀಸಲು ಮಾಡಿದರು, 2019ರಲ್ಲಿ ಶರಾವತಿ ಅಭಯಾರಣ್ಯಕ್ಕೆ ಸೇರಿಸಿದರು. ಆದರೆ ಕಾಡುಗಳ ನಡುವಿನ ಬೆಟ್ಟ ನಮ್ಮ ಕೈಯಲ್ಲೇ ಇದೆಯಲ್ಲ!

ನಾನು ಮಾಡಿದ ತಪ್ಪು

ಮೊದಲ ವರ್ಷ ರಾಮಪತ್ರೆ ಬೀಜವನ್ನು ಅಡಿಕೆಯ ಹಾಗೆ ಅಂಗಳದಲ್ಲಿ ಒಣಗಿಸಿ ಅಟ್ಟದಲ್ಲಿಟ್ಟೆ. ಮಳೆ ಹಿಡಿದ ಮೇಲೆ ನೂರು ಬೀಜ ಊರಿದರೆ ಒಂದೂ ಏಳಲಿಲ್ಲ. ಈ ಬೀಜ ಒಣಗಿದರೆ ಸತ್ತಂತೆ. ಪತ್ರೆ ಬಿಡಿಸಿದ ಎರಡು ಮೂರು ದಿನದೊಳಗೆ ನೆರಳಿನ ಮಡಿಯಲ್ಲಿ ಊರಬೇಕು.

ಉಪ್ಪಾಗೆಯದು ಇನ್ನೊಂದು ತರ. ಸಿಪ್ಪೆ ಬಿಡಿಸಿ ಬೀಜ ಎಸೆಯುತ್ತೇವಲ್ಲ, ಅದನ್ನೇ ತೊಳೆದು ಊರಿದರಾಯ್ತು. ಮೊಳಕೆಗೆ ಐದಾರು ತಿಂಗಳು ಬೇಕು, ಮಡಿ ಒಣಗಬಾರದು. 'ಎಲ್ಲಾ ಕೊಳೆತು ಹೋತು, ಬಸಳೆ ಹಾಕ್ತೆ' ಎಂದು ಮನೆಯವಳು ಗುದ್ದಲಿ ತಂದಿದ್ದಳು. ತಡೆದದ್ದು ಒಳ್ಳೆಯದಾಯ್ತು.

ನೆಡುವಾಗ

ಅಕೇಶಿಯಾವನ್ನು ಒಮ್ಮೆಲೇ ಕಡಿಯಬೇಡಿ. ಎಳೆ ಸಸಿಗೆ ನೆರಳು ಬೇಕು. ಅದರ ಅಡಿಯಲ್ಲೇ ನೆಟ್ಟು, ಸಸಿ ಎದ್ದ ಹಾಗೆ ನೆರಳು ಬಿಡಿಸುತ್ತಾ ಬನ್ನಿ. ರಾಮಪತ್ರೆ ಹಳ್ಳದ ಬದಿಗೆ, ಉಪ್ಪಾಗೆ ಸ್ವಲ್ಪ ಮೇಲೆ. ನಡುವೆ ಅತ್ತಿ, ನೇರಳೆ, ಹಲಸು ಇರಲಿ. ಒಂದು ಮುಗಿದಾಗ ಇನ್ನೊಂದು ಹಣ್ಣು ಸಿಗುತ್ತದೆ.

ಉಪ್ಪಾಗೆ, ರಾಮಪತ್ರೆ ಎರಡರಲ್ಲೂ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಹೂ ಬಿಡುವ ತನಕ ಗೊತ್ತಾಗದು. ಹಾಗಾಗಿ ನಾಲ್ಕೈದು ಸಸಿ ಒಟ್ಟಿಗೆ ನೆಡಿ. ಕಾಯಿ ಬಿಡದೆಂದು ಗಂಡು ಮರಗಳನ್ನೆಲ್ಲ ಕಡಿದರೆ ಹೆಣ್ಣು ಮರಕ್ಕೂ ಕಾಯಿಲ್ಲ.

ಉಪ್ಪಾಗೆ ಸಿಪ್ಪೆ ಮಾರಿದರೆ ನಾಲ್ಕು ಕಾಸು ಬರುತ್ತದೆ, ನಿಜ. ಆದರೆ ಪೈಪೋಟಿಗೆ ಬಿದ್ದು ಹಸಿಕಾಯಿ ಕೊಯ್ದು, ಕೊಂಬೆ ಕಡಿದರೆ ಬರುವ ವರ್ಷ ನಮಗೂ ಇಲ್ಲ, ಅದಕ್ಕೂ ಇಲ್ಲ. ಹಣ್ಣಾಗಿ ಬಿದ್ದದ್ದು ನಮಗೆ, ಮೇಲಿದ್ದದ್ದು ಸಿಂಗಳೀಕಕ್ಕೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೇನೆ.

ನನ್ನ ಸಾಲಿಗೆ ಈಗ ಹದಿಮೂರು ವರ್ಷ. ಕಳೆದ ಬೇಸಿಗೆಯಲ್ಲಿ ಆರು ಉಪ್ಪಾಗೆ ಹೂ ಬಿಟ್ಟವು, ನಾಲ್ಕು ಗಂಡು! ಸಿಂಗಳೀಕ ಇನ್ನೂ ಈಚೆ ದಾಟಿಲ್ಲ. ಹಳ್ಳದ ಮೇಲೆ ಕೊಂಬೆಗೆ ಕೊಂಬೆ ಕೂಡಲು ಎರಡು ಮಾರು ಬಾಕಿ ಇದೆ.

ಹಳೇ ಮರದ ಉಪ್ಪಾಗೆ ಬೀಜ ಬೇಕಾದವರು ಮಳೆಗಾಲದಲ್ಲಿ ಬನ್ನಿ, ಕೊಡುತ್ತೇನೆ. ಒಯ್ದು ಅಟ್ಟದಲ್ಲಿ ಮಾತ್ರ ಇಡಬೇಡಿ.