ಈಜುಕೊಳದ ನೀರು ತಿಳಿಯಾಗಿದ್ದರೆ ಸಾಕೇ?

ವುಝೂವಿನ ನೀರು ಶುದ್ಧವೇ ಎಂದು ತಿಳಿಯಲು ನಾವು ಬಣ್ಣ, ರುಚಿ, ವಾಸನೆ ನೋಡುತ್ತೇವೆ. ಆದರೆ ಮನೆಯ ಈಜುಕೊಳಕ್ಕೆ ಇಷ್ಟು ಸಾಲದು. ಈಜುವ ಮಕ್ಕಳ ಬಾಯಿಗೂ ಕಣ್ಣಿಗೂ ಆ ನೀರು ಹೋಗುತ್ತದೆ. ರೋಗಾಣುಗಳು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಟೆಸ್ಟ್ ಕಿಟ್ ಇಟ್ಟುಕೊಂಡು, ಮಕ್ಕಳು ಇಳಿಯುವ ಮುನ್ನ ಎರಡು ಅಳತೆ ನೋಡಿರಿ.

ಪಿಎಚ್: 7.2ರಿಂದ 7.8ರೊಳಗಿರಲಿ. 8 ತಲುಪಿದರೆ ಕ್ಲೋರಿನ್‌ನ ರೋಗಾಣುನಾಶಕ ಅಂಶ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಮೊದಲು ಪಿಎಚ್ ಸರಿಪಡಿಸಬೇಕು.

ಕ್ಲೋರಿನ್: ಲೀಟರಿಗೆ ಕನಿಷ್ಠ 1 ಮಿಲಿಗ್ರಾಂ ಉಳಿದಿರಬೇಕು. ಬಿಸಿಲಿನಿಂದ ಕ್ಲೋರಿನ್ ಕಾಪಾಡುವ ಸ್ಟೆಬಿಲೈಸರ್ ಹಾಕಿದ್ದರೆ ಕನಿಷ್ಠ 2 ಬೇಕು.

ಘಾಟು ವಾಸನೆ, ಕಣ್ಣುರಿ ಕಂಡರೆ ಕ್ಲೋರಿನ್ ಹೆಚ್ಚಾಯಿತೆಂದು ಹಲವರು ಭಾವಿಸುತ್ತಾರೆ. ಹೆಚ್ಚಾಗಿ ಕಾರಣ ಬೇರೆ. ಬೆವರು, ಮೂತ್ರದೊಂದಿಗೆ ಕ್ಲೋರಿನ್ ಸೇರಿ ಕ್ಲೋರಮಿನ್ ಉಂಟಾಗುತ್ತದೆ. ಕಣ್ಣು ಕೆಂಪಾಗಿಸುವುದು ಅದೇ. ಆದ್ದರಿಂದ ಮೈ ತೊಳೆದೇ ಇಳಿಯಿರಿ. ಚಿಕ್ಕ ಮಕ್ಕಳನ್ನು ಗಂಟೆಗೊಮ್ಮೆ ಶೌಚಾಲಯಕ್ಕೆ ಕರೆದೊಯ್ಯಿರಿ.

ಭೇದಿಯಾಗಿರುವ ಮಗುವನ್ನು ಇಳಿಸಲೇಬೇಡಿ. ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿ, ಕ್ಲೋರಿನ್ ಸರಿಯಾಗಿದ್ದರೂ ವಾರಕ್ಕಿಂತ ಹೆಚ್ಚು ಕಾಲ ನೀರಿನಲ್ಲಿ ಬದುಕಬಲ್ಲದು.

ಆಸಿಡ್ ಮತ್ತು ಕ್ಲೋರಿನ್ ಪುಡಿಯನ್ನು ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಪುಡಿಯ ಮೇಲೆ ನೀರು ಸುರಿಯಬೇಡಿ, ಪುಡಿಯನ್ನೇ ನೀರಿಗೆ ಹಾಕಿರಿ. ಎರಡನ್ನೂ ಬೇರೆ ಬೇರೆ ಕಡೆ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ಮಕ್ಕಳ ಆರೋಗ್ಯ ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು.